ಮೇಳ ಮುಗಿದ ಮೇಲೆ ಗುವಾಂಗ್‌ಝೌನಲ್ಲಿ ಮೂರು ದಿನ

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು ಪಾತ್ರೆ, ಅಡುಗೆಮನೆ ಸಾಮಾನಿನ ಅಂಗಡಿ. ಅಕ್ಟೋಬರ್‌ನ ಕ್ಯಾಂಟನ್ ಮೇಳಕ್ಕೆ ಗುವಾಂಗ್‌ಝೌಗೆ ಹೊರಟಿದ್ದೇನೆ, ಮನೆಯವರೂ ಬರುತ್ತಾರೆ. ಮೇಳ ಮುಗಿದ ಮೇಲೆ ಮೂರು ದಿನ ಊರು ನೋಡಬೇಕೆಂದಿದ್ದೇವೆ. ಅವರು ಶುದ್ಧ ಸಸ್ಯಾಹಾರಿ, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಏನು ನೋಡಬೇಕು, ಎಲ್ಲಿ ಉಣ್ಣಬೇಕು, ರಾತ್ರಿ ಹೊರಗೆ ತಿರುಗಾಡಬಹುದೇ? ನಡುವೆ ಒಂದು ದಿನ ಹಾಂಗ್‌ಕಾಂಗ್‌ಗೂ ಹೋಗಿಬರುವ ಆಸೆಯಿದೆ.

ಉತ್ತರ: ನೀವು ಕೊನೆಗೆ ಕೇಳಿದ ಹಾಂಗ್‌ಕಾಂಗ್‌ನಿಂದಲೇ ಶುರು ಮಾಡೋಣ, ಏಕೆಂದರೆ ಅದನ್ನು ವೀಸಾ ಅರ್ಜಿ ಹಾಕುವ ಮೊದಲೇ ತೀರ್ಮಾನಿಸಬೇಕು. ಹಾಂಗ್‌ಕಾಂಗ್ ಚೀನಾದ ಭಾಗವೇ ಆದರೂ ವಲಸೆ ಲೆಕ್ಕದಲ್ಲಿ ಬೇರೆ. ಗುವಾಂಗ್‌ಝೌನಿಂದ ಅಲ್ಲಿಗೆ ಹೋದರೆ ನೀವು ಚೀನಾದಿಂದ ಹೊರಗೆ ಹೋದಂತೆ. ಒಂದೇ ಪ್ರವೇಶದ ವೀಸಾ ಇದ್ದರೆ ಸಂಜೆ ವಾಪಸ್ ಬರಲು ಬಿಡುವುದಿಲ್ಲ, ಹೋಟೆಲಿನಲ್ಲಿಟ್ಟ ಸಾಮಾನು ಅಲ್ಲೇ ಉಳಿಯುತ್ತದೆ. ಆದ್ದರಿಂದ ಅರ್ಜಿಯಲ್ಲೇ ಎರಡು ಪ್ರವೇಶದ ವೀಸಾ ಕೇಳಿ. ಹಾಂಗ್‌ಕಾಂಗ್‌ಗೆ ಭಾರತೀಯರಿಗೆ ವೀಸಾ ಬೇಡ, ಆದರೆ ಹೊರಡುವ ಮುನ್ನ ಆನ್‌ಲೈನ್‌ನಲ್ಲಿ ಪೂರ್ವ ನೋಂದಣಿ ಮಾಡಿಕೊಳ್ಳಲೇಬೇಕು. ಅದಕ್ಕೆ ಹಣವಿಲ್ಲ. ಆರು ತಿಂಗಳು ಚಾಲ್ತಿಯಲ್ಲಿದ್ದು, ಒಂದು ಭೇಟಿಗೆ 14 ದಿನದವರೆಗೆ ಇರಬಹುದು. ನೋಂದಣಿ ಚೀಟಿಯನ್ನು ಮುದ್ರಿಸಿ ಸಹಿ ಹಾಕಿ ಇಟ್ಟುಕೊಳ್ಳಿ. ಗುವಾಂಗ್‌ಝೌ ದಕ್ಷಿಣ ನಿಲ್ದಾಣದಿಂದ ಹಾಂಗ್‌ಕಾಂಗ್‌ನ ವೆಸ್ಟ್ ಕೌಲೂನ್‌ಗೆ ಹೈಸ್ಪೀಡ್ ರೈಲು ಸುಮಾರು ಒಂದು ಗಂಟೆಯ ದಾರಿ, ಎರಡೂ ಕಡೆಯ ವಲಸೆ ತಪಾಸಣೆ ವೆಸ್ಟ್ ಕೌಲೂನ್‌ನಲ್ಲೇ ಮುಗಿಯುತ್ತದೆ. ಹಾಗಿದ್ದರೂ ನನ್ನ ಸಲಹೆ ಕೇಳಿದರೆ, ಮೂರೇ ದಿನದಲ್ಲಿ ಒಂದನ್ನು ಹಾಂಗ್‌ಕಾಂಗ್‌ಗೆ ಕೊಡಬೇಡಿ. ವಿಮಾನವನ್ನೇ ಆ ದಾರಿಯಲ್ಲಿ ಹಿಡಿದು, ವಾಪಸ್ ಬರುವಾಗ ಅಲ್ಲಿ ಒಂದು ದಿನ ಇಳಿದರೆ ಎರಡನೇ ಪ್ರವೇಶದ ತಾಪತ್ರಯವೂ ಇರುವುದಿಲ್ಲ.

ಇನ್ನು ದಿನಾಂಕ. ಶರತ್ಕಾಲದ ಮೇಳ ಮೂರು ಹಂತದಲ್ಲಿ ನಡೆಯುತ್ತದೆ: ಅಕ್ಟೋಬರ್ 15ರಿಂದ 19, 23ರಿಂದ 27, ಅಕ್ಟೋಬರ್ 31ರಿಂದ ನವೆಂಬರ್ 4. ಅಡುಗೆಮನೆ ಸಾಮಾನು ಎರಡನೇ ಹಂತದಲ್ಲಿ ಬರುತ್ತದೆ. ಅಂದರೆ 28, 29, 30 ನಿಮಗೆ ಬಿಡುವು, ಮೂರನೇ ಹಂತದ ಜನ ಇನ್ನೂ ಬಂದು ತುಂಬಿರುವುದಿಲ್ಲ. ಮೇಳದ ದಿನಗಳಲ್ಲಿ, ಮೇಳ ನಡೆಯುವ ಪಝೌ ಬಡಾವಣೆಯ ಸುತ್ತಮುತ್ತಲ ಹೋಟೆಲ್ ಬಾಡಿಗೆ ಎರಡು ಮೂರು ಪಟ್ಟು ಏರುತ್ತದೆ. ವ್ಯಾಪಾರ ಮುಗಿದ ಕೂಡಲೇ ಅಲ್ಲಿಂದ ಕೋಣೆ ಬಿಟ್ಟು ಹಳೇ ಊರಿಗೆ ಬನ್ನಿ. ಮೆಟ್ರೊದ 1 ಮತ್ತು 2ನೇ ಲೈನ್ ಕೂಡುವ ಗೊಂಗ್‌ಯುವಾನ್‌ಚಿಯಾನ್ ನಿಲ್ದಾಣದ ಹತ್ತಿರ, ಬೀಜಿಂಗ್ ರಸ್ತೆಯ ಆಸುಪಾಸಿನಲ್ಲಿ ಉಳಿದರೆ ಮೂರು ದಿನದ ಓಡಾಟ ಅರ್ಧ ಕಡಿಮೆಯಾಗುತ್ತದೆ. ಅಕ್ಟೋಬರ್ ಕೊನೆ ಇಲ್ಲಿ ಒಳ್ಳೆಯ ಕಾಲ, ಮಳೆ ಕಡಿಮೆ, ಸೆಖೆಯೂ ಇಳಿದಿರುತ್ತದೆ. ವಿದೇಶಿಯರ ವಾಸ್ತವ್ಯ 24 ಗಂಟೆಯೊಳಗೆ ಪೊಲೀಸರಲ್ಲಿ ನೋಂದಣಿಯಾಗಬೇಕು. ಹೋಟೆಲಿನವರು ಪಾಸ್‌ಪೋರ್ಟ್ ತೆಗೆದುಕೊಂಡು ಅದನ್ನು ತಾವೇ ಮಾಡುತ್ತಾರೆ. ಪರಿಚಯದವರ ಮನೆಯಲ್ಲಿ ಉಳಿದರೆ ಮಾತ್ರ ಅದನ್ನು ನೀವೇ ಮಾಡಿಸಬೇಕು.

ದುಡ್ಡು ಮತ್ತು ಫೋನು, ಈ ಎರಡನ್ನು ಊರಲ್ಲೇ ಸರಿಮಾಡಿಕೊಂಡು ಹೊರಡಿ. ಚೀನಾದಲ್ಲಿ ತರಕಾರಿ ಗಾಡಿಯವರೂ ಕ್ಯೂಆರ್ ಕೋಡ್ ಇಟ್ಟಿರುತ್ತಾರೆ, ಆದರೆ ನಮ್ಮ ಯುಪಿಐ ಅಲ್ಲಿ ನಡೆಯದು. ಅಲ್ಲಿಯ ಪಾವತಿ ಆ್ಯಪ್ ಅಲಿಪೇ ಹಾಕಿಕೊಂಡು, ಪಾಸ್‌ಪೋರ್ಟ್ ವಿವರ ಕೊಟ್ಟು ಗುರುತು ಖಚಿತಪಡಿಸಿ, ವೀಸಾ ಕಂಪನಿಯ ಕಾರ್ಡ್ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸಿ. ಸಾಧ್ಯವಾದರೆ ಬೇರೆ ಬೇರೆ ಬ್ಯಾಂಕಿನ ಎರಡು ಕಾರ್ಡ್ ಇರಲಿ. ಇಲ್ಲಿ ಎಡವಟ್ಟಾಗುವುದು ಮೂರು ಕಡೆ. ಒಂದು, ಬ್ಯಾಂಕಿನ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ವಹಿವಾಟು ತೆರೆದಿರುವುದಿಲ್ಲ, ಮೊದಲ ಪಾವತಿಯೇ ತಿರಸ್ಕಾರವಾಗುತ್ತದೆ. ಎರಡು, ಒಟಿಪಿ ಬರುವುದು ಭಾರತದ ಸಿಮ್‌ಗೆ. ಅದನ್ನು ತೆಗೆದು ಸ್ಥಳೀಯ ಸಿಮ್ ಹಾಕಿಕೊಂಡರೆ ಕಾರ್ಡ್ ಜೋಡಣೆಯೇ ಆಗುವುದಿಲ್ಲ. ಮೂರು, ಕೆಲವು ಸಣ್ಣ ಗಾಡಿಯವರು ಇಟ್ಟಿರುವುದು ವ್ಯಾಪಾರಿಯ ಕೋಡ್ ಅಲ್ಲ, ಸ್ವಂತ ಖಾತೆಯ ಕೋಡ್. ವಿದೇಶಿ ಕಾರ್ಡಿನ ಹಣ ಅದಕ್ಕೆ ಹೋಗುವುದಿಲ್ಲ. ಅಂಥ ಕಡೆಗೆಂದು 10, 20 ಯುವಾನ್ ನೋಟುಗಳಲ್ಲಿ ಒಂದು ಮುನ್ನೂರು ಯುವಾನ್ ಜೇಬಿನಲ್ಲಿರಲಿ. ಒಂದು ಬಿಲ್ಲು 200 ಯುವಾನ್ ದಾಟಿದರೆ ವಿದೇಶಿ ಕಾರ್ಡಿಗೆ ಅಲಿಪೇ ಶೇ. 3ರಷ್ಟು ಶುಲ್ಕ ಹಾಕುತ್ತದೆ, ನಿಮ್ಮ ಬ್ಯಾಂಕಿನ ಶುಲ್ಕ ಅದರ ಮೇಲೆ ಬೇರೆ. ಮೆಟ್ರೊ ಕೋಡ್, ದಿದಿ ಟ್ಯಾಕ್ಸಿ ಎರಡೂ ಇದೇ ಆ್ಯಪ್‌ನೊಳಗೆ ಸಿಗುತ್ತವೆ.

ಹೋಟೆಲ್ ವೈಫೈನಲ್ಲಿ ವಾಟ್ಸ್‌ಆ್ಯಪ್, ಗೂಗಲ್, ಯೂಟ್ಯೂಬ್ ಯಾವುದೂ ತೆರೆಯುವುದಿಲ್ಲ. ಭಾರತದ ಸಿಮ್‌ನಲ್ಲೇ ರೋಮಿಂಗ್ ಡೇಟಾ ಹಾಕಿಸಿಕೊಂಡರೆ ಇವು ನಡೆಯುತ್ತವೆ, ಏಕೆಂದರೆ ಆ ಡೇಟಾ ನಮ್ಮ ಕಂಪನಿಯ ಜಾಲದ ಮೂಲಕವೇ ಹೊರಗೆ ಹೋಗುತ್ತದೆ. ದಾರಿ ನೋಡಲು ಮಾತ್ರ ಗೂಗಲ್ ನಕ್ಷೆ ನಂಬಬೇಡಿ. ಚೀನಾದ ನಕ್ಷೆಗಳು ಬೇರೆ ನಿರ್ದೇಶಾಂಕ ಪದ್ಧತಿ ಬಳಸುತ್ತವೆ, ಅದರಿಂದ ಗೂಗಲ್‌ನಲ್ಲಿ ನೀವು ನಿಂತ ಜಾಗ ನೂರಾರು ಮೀಟರ್ ಆಚೆ ತೋರಿಸಬಹುದು. ಅಲ್ಲಿಯ ಆಮ್ಯಾಪ್ ಅಥವಾ ಐಫೋನಿನ ನಕ್ಷೆ ಬಳಸಿ. ಅನುವಾದದ ಆ್ಯಪ್‌ಗೆ ಚೀನಿ ಭಾಷೆಯನ್ನು ಊರಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ, ನೆಟ್ ಇಲ್ಲದಾಗಲೂ ಕ್ಯಾಮೆರಾ ಹಿಡಿದು ಮೆನು ಓದಬಹುದು.

ಈಗ ಊರಿಗೆ ಬರೋಣ. ಮೇಳಕ್ಕೆ ಬಂದವರಲ್ಲಿ ಹೆಚ್ಚಿನವರು ಕ್ಯಾಂಟನ್ ಗೋಪುರ ನೋಡಿ, ಮಾಲ್ ಸುತ್ತಿ ವಾಪಸಾಗುತ್ತಾರೆ. ಗುವಾಂಗ್‌ಝೌನ ಜೀವ ಇರುವುದು ಅಲ್ಲಲ್ಲ. ಬೆಳಗ್ಗೆ ಪಶ್ಚಿಮದ ಹಳೇ ಬಡಾವಣೆಯ ಟೀ ಮನೆಗಳಲ್ಲಿ, ರಾತ್ರಿ ಮುತ್ತಿನ ನದಿಯ ದಂಡೆಯಲ್ಲಿ. ಹೀಗಾಗಿ ದಿನವನ್ನು ಪಶ್ಚಿಮದಲ್ಲಿ ಶುರು ಮಾಡಿ ನದಿಯಲ್ಲಿ ಮುಗಿಸುವಂತೆ ಹೊಂದಿಸಿಕೊಳ್ಳಿ.

ಮೊದಲ ದಿನಕ್ಕೆ 1ನೇ ಲೈನ್ ಒಂದೇ ಸಾಕು. ಶಿಮೆನ್‌ಕೌ, ಚೆನ್ ಕುಲಮಂದಿರ, ಚಾಂಗ್‌ಶೌ ರಸ್ತೆ, ಹುವಾಂಗ್‌ಶಾ, ಈ ನಾಲ್ಕು ನಿಲ್ದಾಣ ದಾರಕ್ಕೆ ಪೋಣಿಸಿದ ಹಾಗೆ ಒಂದರ ನಂತರ ಒಂದು ಬರುತ್ತವೆ. ಶಿಮೆನ್‌ಕೌನಲ್ಲಿ ಇಳಿದರೆ ಗುವಾಂಗ್‌ಶಿಯಾವೊ ದೇವಾಲಯ. ದಕ್ಷಿಣ ಭಾರತದಿಂದ ಸಮುದ್ರಮಾರ್ಗವಾಗಿ ಬಂದ ಬೌದ್ಧ ಭಿಕ್ಷು ಬೋಧಿಧರ್ಮ ಇಲ್ಲಿ ತಂಗಿದ್ದನೆಂದು ಪರಂಪರೆ ಹೇಳುತ್ತದೆ. ಅಂಗಳದ ಅರಳಿಮರವನ್ನೂ ಭಾರತದಿಂದ ಬಂದ ಭಿಕ್ಷುವೊಬ್ಬ ತಂದು ನೆಟ್ಟದ್ದೆಂಬ ನಂಬಿಕೆಯಿದೆ. ಬೋಧಿಧರ್ಮ ದಡ ಸೇರಿದ ಜಾಗವೆಂದು ಹೇಳುವ ಹುವಾಲಿನ್ ದೇವಾಲಯ ಚಾಂಗ್‌ಶೌ ರಸ್ತೆ ನಿಲ್ದಾಣದ ಹತ್ತಿರ, ಜೇಡ್ ಕಲ್ಲಿನ ಅಂಗಡಿಗಳ ನಡುವೆ ಇದೆ. ಆ ಅಂಗಡಿಗಳಲ್ಲಿ ನೋಡಿ, ಆದರೆ ಕಲ್ಲು ಪರಖು ಮಾಡಲು ಬಾರದವರು ದುಬಾರಿಯದನ್ನು ಕೊಳ್ಳಬೇಡಿ.

ಈ ಎರಡರ ನಡುವೆ ಬರುವುದು 1894ರಲ್ಲಿ ಪೂರ್ಣಗೊಂಡ ಚೆನ್ ಕುಲಮಂದಿರ. ಮೂರು ದಿನದಲ್ಲಿ ಒಂದನ್ನೇ ನೋಡಲು ಸಮಯವಿದ್ದರೆ ಇದನ್ನೇ ನೋಡಿ. ಚೆನ್ ಮನೆತನದವರು ಪರೀಕ್ಷೆಗೆಂದು ಪಟ್ಟಣಕ್ಕೆ ಬರುವ ತಮ್ಮ ಹುಡುಗರಿಗಾಗಿ ಹಣ ಕೂಡಿಸಿ ಕಟ್ಟಿಸಿದ್ದು. ಒಳಗೆ ಹೋಗುವ ಮೊದಲು ಅಂಗಳದಲ್ಲೇ ನಿಂತು ತಲೆ ಎತ್ತಿ. ಮಾಡಿನ ನೆತ್ತಿಯ ಉದ್ದಕ್ಕೂ ಬಣ್ಣದ ಮಣ್ಣಿನ ಗೊಂಬೆಗಳ ಸಾಲು, ನಾಟಕದ ಪಾತ್ರಗಳು, ಮನೆ, ಸೇತುವೆ, ಪ್ರಾಣಿ, ಎಲ್ಲ ಒತ್ತೊತ್ತಾಗಿ ಕೂತಿವೆ. ಗೋಡೆಯ ಇಟ್ಟಿಗೆ ಕೆತ್ತನೆಗೆ ಬೆಳಗಿನ ಓರೆ ಬಿಸಿಲು ಬೇಕು, ಮಧ್ಯಾಹ್ನ ಅದೆಲ್ಲ ಚಪ್ಪಟೆಯಾಗಿ ಕಾಣುತ್ತದೆ. ಹತ್ತು ಗಂಟೆಯೊಳಗೆ ಹೋದರೆ ಪ್ರವಾಸಿ ಗುಂಪುಗಳ ಗಲಾಟೆಯೂ ತಪ್ಪುತ್ತದೆ.

ಮಧ್ಯಾಹ್ನದ ಮೇಲೆ ಎನ್ನಿಂಗ್ ರಸ್ತೆಯ ಯೋಂಗ್‌ಚಿಂಗ್ ಫಾಂಗ್ ಓಣಿಗಳನ್ನು ನಡೆದೇ ಸುತ್ತಿ, ಸಂಜೆಗೆ ಶಾಮಿಯಾನ್ ದ್ವೀಪಕ್ಕೆ ಬನ್ನಿ. 19ನೇ ಶತಮಾನದ ಮಧ್ಯದಲ್ಲಿ ಬ್ರಿಟಿಷರು, ಫ್ರೆಂಚರು ಹಂಚಿಕೊಂಡಿದ್ದ ಜಾಗ ಇದು. ಆಲದ ಜಾತಿಯ ದೊಡ್ಡ ಮರಗಳ ಕೆಳಗೆ ಹಳೇ ಬ್ಯಾಂಕು, ದೂತಾವಾಸದ ಕಟ್ಟಡಗಳು. ಒಂದು ಗಂಟೆ ಸಾಕು.

ಎರಡನೇ ದಿನ 2ನೇ ಲೈನ್‌ನ ಯುಯೆಶಿಯು ಪಾರ್ಕ್ ನಿಲ್ದಾಣದಲ್ಲಿ ಇಳಿದು ನಾನ್ಯುಯೆ ರಾಜನ ಸಮಾಧಿ ವಸ್ತುಸಂಗ್ರಹಾಲಯ ನೋಡಿ. 1983ರಲ್ಲಿ ಗುಡ್ಡ ಅಗೆಯುವಾಗ ಸಿಕ್ಕ, ಎರಡು ಸಾವಿರ ವರ್ಷಕ್ಕೂ ಹಳೆಯ ಗೋರಿ. ರಾಜನ ಶವಕ್ಕೆ ತೊಡಿಸಿದ್ದ ಕವಚ 2,291 ಜೇಡ್ ತುಂಡುಗಳನ್ನು ರೇಷ್ಮೆ ದಾರದಲ್ಲಿ ಹೊಲಿದು ಮಾಡಿದ್ದು. ಇಂಥ ವಸ್ತುಸಂಗ್ರಹಾಲಯಗಳಲ್ಲಿ ಹೆಚ್ಚಿನವು ಸೋಮವಾರ ಮುಚ್ಚಿರುತ್ತವೆ, ಟಿಕೆಟ್‌ಗೆ ಮೂಲ ಪಾಸ್‌ಪೋರ್ಟ್ ಕೇಳುತ್ತಾರೆ. ನಿಮ್ಮ ದಿನಾಂಕಗಳಲ್ಲಿ ಸೋಮವಾರ ಬಿದ್ದರೆ ಆ ದಿನವನ್ನು ದೇವಾಲಯ, ಓಣಿಗಳಿಗೆ ಇಟ್ಟುಕೊಳ್ಳಿ. ಎದುರಿನ ಯುಯೆಶಿಯು ಉದ್ಯಾನದಲ್ಲಿ ಊರಿನ ಗುರುತಾದ ಐದು ಆಡುಗಳ ಕಲ್ಲಿನ ಶಿಲ್ಪವಿದೆ, ಅದಕ್ಕೆ ಮೆಟ್ಟಿಲು ಹತ್ತಬೇಕು, ಮಂಡಿನೋವಿದ್ದರೆ ಬಿಡಿ. ಅಲ್ಲಿಂದ ಬೀಜಿಂಗ್ ರಸ್ತೆ. ರಸ್ತೆಯ ನಡುವೆ ಗಾಜಿನ ಕೆಳಗೆ ಒಂದರ ಮೇಲೊಂದು ಪದರವಾಗಿ ಹಳೇ ರಾಜವಂಶಗಳ ಕಾಲದ ರಸ್ತೆಗಳನ್ನು ತೆರೆದಿಟ್ಟಿದ್ದಾರೆ. ಅಂಗಡಿಗಳಿಗಿಂತ ಅದನ್ನು ನೋಡಿ. ಪೂರ್ತಿ ಗ್ರಾನೈಟ್‌ನ ಸೇಕ್ರೆಡ್ ಹಾರ್ಟ್ ಚರ್ಚ್ ಕೂಡ ದೂರವಿಲ್ಲ, ಆದರೆ ಅದಕ್ಕೆ ಹೋಗುವ ಯಿದೆ ರಸ್ತೆ ಒಣಮೀನು, ಒಣಸಿಗಡಿಯ ಸಗಟು ಪೇಟೆ. ನಿಮ್ಮ ಮನೆಯವರಿಗೆ ಆ ವಾಸನೆ ಆಗದಿದ್ದರೆ ಟ್ಯಾಕ್ಸಿಯಲ್ಲಿ ಬಾಗಿಲಿಗೇ ಇಳಿಯಿರಿ.

ಊಟದ ಮಾತು ಸ್ವಲ್ಪ ಬಿಡಿಸಿಯೇ ಹೇಳಬೇಕು, ಏಕೆಂದರೆ ನಿಮ್ಮ ಮನೆಯವರ ಮೂರು ದಿನದ ನೆಮ್ಮದಿ ಇದರಲ್ಲಿದೆ. ಚೀನಾದಲ್ಲಿ 'ಮಾಂಸ ಬೇಡ' ಎಂದರೆ ಸಾಲದು. ಬರಿಯ ಮಾಂಸ ಎಂದರೆ ಅಲ್ಲಿಯವರಿಗೆ ಹಂದಿಮಾಂಸ. ಮೀನು, ಸಿಗಡಿ, ಸಾರಿನ ರಸ ಅದರೊಳಗೆ ಬರುವುದಿಲ್ಲ. ಬೇಡವೆಂದವರಿಗೂ ತುಂಡುಗಳನ್ನಷ್ಟೇ ತೆಗೆದು ಅದೇ ರಸದಲ್ಲಿ ಮಾಡಿಕೊಡುವುದುಂಟು, ಮೋಸ ಮಾಡಬೇಕೆಂದಲ್ಲ. ಆದ್ದರಿಂದ ಹೋಟೆಲಿನ ಸ್ವಾಗತದವರ ಕೈಯಲ್ಲಿ ಒಂದು ಚೀಟಿ ಬರೆಸಿಕೊಳ್ಳಿ: ಬೌದ್ಧ ಭಿಕ್ಷುಗಳಂತೆ ಸಸ್ಯಾಹಾರ, ಮಾಂಸ, ಮೀನು, ಸಿಗಡಿ, ಮೊಟ್ಟೆ, ಹಂದಿಕೊಬ್ಬು, ಮೂಳೆಯ ರಸ, ಆಯ್ಸ್ಟರ್ ಸಾಸ್ (ಸಿಂಪಿಯ ರಸದ ಸಾಸ್) ಯಾವುದೂ ಬೇಡ. ಭಿಕ್ಷುವಿನ ಮಾತು ಬಂದರೆ ಅಡುಗೆಯವರಿಗೆ ಥಟ್ಟನೆ ಅರ್ಥವಾಗುತ್ತದೆ. ಬಾಯಲ್ಲಿ ಹೇಳುವುದಾದರೆ ಸ್ಥಳೀಯ ಕ್ಯಾಂಟನೀಸ್‌ನಲ್ಲಿ 'ಸೇಕ್ ಜಾಯ್' ಎಂದರೆ ಸಸ್ಯಾಹಾರ ಉಣ್ಣುವುದು.

ಹೆಸರು ನೋಡಿ ಮೋಸಹೋಗುವ ತಿನಿಸುಗಳಿವೆ. ಮೂಲಂಗಿಯ ಲೋ ಬಾಕ್ ಗೋ ನೋಡಲು ಶುದ್ಧ ತರಕಾರಿ, ಒಳಗೆ ಒಣಸಿಗಡಿ, ಹಂದಿ ಸಾಸೇಜಿನ ಚೂರು. ಹುರಿದ ಉದ್ದನೆ ಹುರುಳಿಕಾಯಿ, ಬದನೆಕಾಯಿ, ಮಾಪೊ ತೋಫು, ಮೂರರಲ್ಲೂ ಸಾಮಾನ್ಯವಾಗಿ ಕೈಮಾ ಇರುತ್ತದೆ. ಬೇಯಿಸಿದ ಸೊಪ್ಪಿನ ಮೇಲೆ ಹೊಯ್ಯುವ ಕಂದು ರಸ ಹೆಚ್ಚಾಗಿ ಆಯ್ಸ್ಟರ್ ಸಾಸ್. ಬೆಳ್ಳುಳ್ಳಿ ಹಾಕಿ ಹುರಿದ ಚೋಯ್ ಸಮ್ ಸೊಪ್ಪು ಕೇಳಿ, ಸಾಸ್ ಬೇಡವೆನ್ನಿ, ಬಿಳಿ ಅನ್ನದ ಜೊತೆ ಅದು ಎಲ್ಲಿಯೂ ಸಿಗುವ ಊಟ.

ಬೆಳಗಿನ ಟೀ ಮನೆಗೆ ಮಾತ್ರ ಇಬ್ಬರೂ ಹೋಗಲೇಬೇಕು. ಇದನ್ನು ಅಲ್ಲಿ 'ಯಾಮ್ ಚಾ' ಎನ್ನುತ್ತಾರೆ, ಟೀ ಕುಡಿಯುವುದು ಎಂದೇ ಅರ್ಥ. ಪಶ್ಚಿಮದ ತಾವ್ ತಾವ್ ಕೋಯ್, ಗುವಾಂಗ್‌ಝೌ ರೆಸ್ಟೊರೆಂಟ್, ಕೆರೆಯಂಚಿನ ಪಾನ್‌ಶಿ ಇವೆಲ್ಲ ಹೆಸರಾದ ಹಳೇ ಮನೆಗಳು. ವಾರದ ದಿನ ಎಂಟರೊಳಗೆ ಹೋದರೆ ಕೂಡಲೇ ಜಾಗ ಸಿಗುತ್ತದೆ. ಭಾನುವಾರ ಒಂಬತ್ತಕ್ಕೆ ಹೋದರೆ ಚೀಟಿ ಹಿಡಿದು ಒಂದು ಗಂಟೆ ಕಾಯಬೇಕಾದೀತು. ಕೂತ ಮೇಲೆ ಮೊದಲು ಯಾವ ಟೀ ಎಂದು ಕೇಳುತ್ತಾರೆ, ತಲೆಗಿಷ್ಟು ಎಂದು ಟೀ ದರ ಬಿಲ್ಲಿನಲ್ಲಿ ಬರುತ್ತದೆ. ಮೊದಲ ಬಿಸಿ ನೀರಿನಲ್ಲಿ ಬಟ್ಟಲು, ಕಡ್ಡಿ ತೊಳೆದು ಆ ನೀರನ್ನು ದೊಡ್ಡ ಬೋಗುಣಿಗೆ ಚೆಲ್ಲುವುದು ಅಲ್ಲಿಯ ವಾಡಿಕೆ, ಅದನ್ನು ಕುಡಿಯಬೇಡಿ. ಯಾರಾದರೂ ನಿಮ್ಮ ಬಟ್ಟಲಿಗೆ ಟೀ ಹೊಯ್ದರೆ ಎರಡು ಬೆರಳಿನಿಂದ ಮೇಜು ಕುಟ್ಟಿದರೆ ಅದೇ ಧನ್ಯವಾದ. ಕುಡಿಕೆಯ ಮುಚ್ಚಳ ಓರೆಯಾಗಿಟ್ಟರೆ ಬಿಸಿನೀರು ತುಂಬಿಸಿಕೊಡುತ್ತಾರೆ. ತಟ್ಟೆಗಳ ಬೆಲೆ ಸಣ್ಣ, ಮಧ್ಯಮ, ದೊಡ್ಡ, ವಿಶೇಷ ಎಂದು ವರ್ಗವಾಗಿರುತ್ತದೆ. ಎರಡು ಮೂರು ತಟ್ಟೆ ತರಿಸಿ, ಮುಗಿದ ಮೇಲೆ ಮುಂದಿನದು ಹೇಳಿ. ಒಟ್ಟಿಗೆ ಹೇಳಿದರೆ ಎಲ್ಲವೂ ಐದು ನಿಮಿಷದಲ್ಲಿ ಬಂದು ತಣ್ಣಗಾಗುತ್ತದೆ. ಬಿಲ್ಲಿಗೆ 'ಮಾಯ್ ದಾನ್' ಎನ್ನಿ.

ಮಾಂಸಾಹಾರ ನಿಮಗೆ ಆಗುವುದಾದರೆ ಸಿಗಡಿಯ ಹಾ ಗಾವ್ ಕಡುಬಿನಿಂದ ಶುರು ಮಾಡಿ. ಅದರ ಹೊರಪದರ ಒಳಗಿನ ಕೆಂಪು ಕಾಣುವಷ್ಟು ತೆಳುವಾಗಿದ್ದು, ಕಡ್ಡಿಯಲ್ಲಿ ಎತ್ತಿದರೂ ಹರಿಯದಿದ್ದರೆ ಆ ಅಡುಗೆಮನೆ ಒಳ್ಳೆಯದು. ಮನೆಯವರಿಗೆ 'ಜಾಯ್ ಚೇಂಗ್' ಹೇಳಿ. ಅಕ್ಕಿ ಹಿಟ್ಟನ್ನು ತಟ್ಟೆಯ ಮೇಲೆ ಹರಡಿ ಹಬೆಯಲ್ಲಿ ಬೇಯಿಸಿ, ನೀರುದೋಸೆಯಷ್ಟು ತೆಳ್ಳಗೆ ಎಬ್ಬಿಸಿ ಸುರುಳಿ ಮಾಡಿದ್ದು, ಒಳಗೆ ಏನೂ ತುಂಬಿರುವುದಿಲ್ಲ, ಮೇಲೆ ಸೋಯಾ ಸಾಸ್ ಮತ್ತು ಎಳ್ಳು. ಮಾ ತಾಯ್ ಗೋ ಎಂಬ ನೀರುಗಡ್ಡೆಯ ಹಲ್ವದಂಥ ತುಂಡು, ಎಳ್ಳು ಹಚ್ಚಿ ಕರಿದ ಜಿನ್ ದೋಯ್ ಉಂಡೆ ಕೂಡ ಸಿಗುತ್ತವೆ. ಉಂಡೆಯನ್ನು ಯಾವ ಎಣ್ಣೆಯಲ್ಲಿ ಕರಿದಿದ್ದೆಂದು ಚೀಟಿ ತೋರಿಸಿ ಕೇಳಿ. ಬಿಳಿ ಗಂಜಿ 'ಬಾಕ್ ಜುಕ್' ಎಲ್ಲ ಕಡೆ ಇದೆ, ಮೂಳೆಯ ರಸದಲ್ಲಿ ಮಾಡಿದ್ದಲ್ಲ ತಾನೇ ಎಂದು ಖಚಿತಪಡಿಸಿಕೊಳ್ಳಿ. ಇಷ್ಟಾದರೂ ಒಂದೇ ಬಾಣಲೆ, ಒಂದೇ ಹಬೆಪೆಟ್ಟಿಗೆ ಬಳಸುವುದು ಸಹಜ. ಅದೂ ಆಗದು ಎಂದರೆ ಟೀ ಮನೆಯಲ್ಲಿ ಅವರು ಟೀ ಮಾತ್ರ ಕುಡಿದು, ಊಟಕ್ಕೆ ಬೌದ್ಧ ಸಸ್ಯಾಹಾರಿ ಅಡುಗೆಮನೆಗಳಿಗೆ ಹೋಗುವುದು ಮೇಲು. ಬೀಜಿಂಗ್ ರಸ್ತೆ ಬದಿಯ ದಾಫೊ ದೇವಾಲಯದ ಬಳಿ ಅಂಥ ಊಟ ಸಿಗುತ್ತದೆ. ಅಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಮಾಂಸದಂತೆ ಕಾಣುವ ತುಂಡುಗಳು ಬಂದರೆ ಹೆದರಬೇಡಿ, ಅವು ಸೋಯಾ ಮತ್ತು ಗೋಧಿಯ ಅಂಟಿನಿಂದ ಮಾಡಿದವು. ಚಾಂದ್ರಮಾನದ ಪಾಡ್ಯ ಮತ್ತು ಹದಿನೈದನೇ ದಿನ ಅಲ್ಲಿ ಭಕ್ತರ ನೂಕುನುಗ್ಗಲು. ಭಾರತೀಯ ಹೋಟೆಲು ಬೇಕೆಂದರೆ 5ನೇ ಲೈನ್‌ನ ತಾವೊಜಿನ್, ಶಿಯಾವೊಬೇ ಕಡೆ ಹುಡುಕಿ. ಚೀಲದಲ್ಲಿ ಖಡಕ್ ರೊಟ್ಟಿ, ಚಟ್ನಿಪುಡಿ ಇದ್ದರೆ ರಾತ್ರಿ ತಡವಾದ ದಿನ ಕೈಗೆ ಬರುತ್ತದೆ. ತಾಜಾ ಹಣ್ಣು ತರಕಾರಿ, ಬೆಣ್ಣೆಯಂಥ ಹಾಲಿನ ಪದಾರ್ಥ ಒಯ್ಯಬೇಡಿ, ಕಸ್ಟಮ್ಸ್‌ನಲ್ಲಿ ಕಿತ್ತುಕೊಳ್ಳುತ್ತಾರೆ.

ರಾತ್ರಿಯ ಬಗ್ಗೆ ನಿಮ್ಮ ಆತಂಕ ಸಹಜ, ಆದರೆ ಬೀದಿಗಳು ಬೆಳಕಾಗಿರುತ್ತವೆ, ಹನ್ನೊಂದರ ಹೊತ್ತಿಗೂ ಹೆಂಗಸರು, ಮಕ್ಕಳು ನದಿದಂಡೆಯಲ್ಲಿ ಓಡಾಡುತ್ತಿರುತ್ತಾರೆ. ನಿಜವಾಗಿ ಎಚ್ಚರ ಬೇಕಾದದ್ದು ಫುಟ್‌ಪಾತ್ ಮೇಲೇ ಸದ್ದಿಲ್ಲದೆ ಹಿಂದಿನಿಂದ ಬರುವ ಎಲೆಕ್ಟ್ರಿಕ್ ಸ್ಕೂಟರ್‌ಗೆ. ಎರಡನೆಯದು, ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತ ಟೀ ರುಚಿ ನೋಡಲು, ಹಾಡಿನ ಕೋಣೆಗೆ ಅಥವಾ ಮಸಾಜ್‌ಗೆ ಕರೆಯುವ ಅಪರಿಚಿತರು. ಒಳಗೆ ಹೋದ ಮೇಲೆ ಸಾವಿರಾರು ಯುವಾನ್ ಬಿಲ್ಲು ಬರುತ್ತದೆ. ಬೆಲೆಪಟ್ಟಿ ನೋಡದೆ ಎಲ್ಲಿಯೂ ಕೂರಬೇಡಿ. ಪೊಲೀಸರಿಗೆ 110, ಆಂಬುಲೆನ್ಸ್‌ಗೆ 120.

ನದಿಯಲ್ಲಿ ದೋಣಿ ಸವಾರಿ ಮಾಡುವುದಾದರೆ ಎರಡನೇ ದಿನ ಮಾಡಿ. ಬೀಜಿಂಗ್ ರಸ್ತೆಯ ದಕ್ಷಿಣದ ತುದಿಯಲ್ಲೇ ತಿಯಾನ್‌ಝಿ ಕಟ್ಟೆಯಿದೆ. ಕತ್ತಲಾದ ಮೇಲಿನ ಮೊದಲ ದೋಣಿಗಳಲ್ಲೇ ಟಿಕೆಟ್ ತೆಗೆಯಿರಿ. ಹತ್ತರ ನಂತರ ಕಟ್ಟಡಗಳ ದೀಪ ಒಂದೊಂದಾಗಿ ಆರುತ್ತ ಹೋಗುತ್ತವೆ, ಕೊನೆಯ ದೋಣಿ ಹಿಡಿದವರಿಗೆ ಅರ್ಧ ಕತ್ತಲೇ ಸಿಗುತ್ತದೆ. ಮೇಲ್ಮಾಳಿಗೆಗೆ ಹೆಚ್ಚು ದರ, ಆದರೆ ಗಾಜಿನ ಒಳಗಿಂತ ಅದೇ ಸರಿ.

ಮೂರನೇ ದಿನ ಸಂಜೆ ಹೊಸ ಊರಿಗೆ. 600 ಮೀಟರ್ ಎತ್ತರದ ಕ್ಯಾಂಟನ್ ಗೋಪುರಕ್ಕೆ ಹತ್ತಲು ನೂರೈವತ್ತು ಯುವಾನ್ ಮೇಲೆಯೇ ಬೇಕು, ಮಬ್ಬು ಕವಿದ ದಿನ ಮೇಲಿಂದ ಬಿಳಿ ಗೋಡೆಯಷ್ಟೇ ಕಾಣುತ್ತದೆ. ಗೋಪುರ ಚೆನ್ನಾಗಿ ಕಾಣುವುದು ನದಿಯಾಚೆಯ ಹುವಾಚೆಂಗ್ ಚೌಕದಿಂದ, ಅದಕ್ಕೆ ದುಡ್ಡಿಲ್ಲ. ಕತ್ತಲಾಗುವ ಅರ್ಧ ಗಂಟೆ ಮೊದಲು ಅಲ್ಲಿರಿ, ಜಹಾ ಹದೀದ್ ವಿನ್ಯಾಸದ ಒಪೆರಾ ಭವನವೂ ಪಕ್ಕದಲ್ಲಿದೆ. ಆಮೇಲೆ ನದಿ ದಾಟಿ, ಗೋಪುರದ ಬುಡದಿಂದ ದಂಡೆಯುದ್ದಕ್ಕೂ ಹೋಗುವ ಹೈಝೂ ಟ್ರಾಮ್ ಹತ್ತಿ. ಹಳೇ ಬಿಯರ್ ಕಾರ್ಖಾನೆಯ ಪಕ್ಕದ ಪಾರ್ಟಿ ಪಿಯರ್‌ಗೆ ಅದೇ ಕರೆದೊಯ್ಯುತ್ತದೆ, ನದಿ ನೋಡುತ್ತ ಕೂರುವ ಬಾರ್‌ಗಳು ಅಲ್ಲಿವೆ. ಮೆಟ್ರೊ ಹನ್ನೊಂದರ ಸುಮಾರಿಗೆ ನಿಲ್ಲತೊಡಗುತ್ತದೆ, ಪ್ರತಿ ನಿಲ್ದಾಣಕ್ಕೂ ಕೊನೆಯ ಗಾಡಿಯ ಹೊತ್ತು ಬೇರೆ, ಹೋಗುವಾಗಲೇ ಫಲಕದ ಫೋಟೊ ತೆಗೆದುಕೊಳ್ಳಿ. ತಪ್ಪಿದರೆ ದಿದಿ ಕರೆಯಿರಿ.

ಆದರೂ ಆ ಊರಿನವರ ರಾತ್ರಿ ಬಾರ್‌ಗಿಂತ ಹೆಚ್ಚಾಗಿ ತಿಂಡಿಯ ಅಂಗಡಿಯಲ್ಲಿ ಕಳೆಯುತ್ತದೆ. ಹತ್ತರ ಮೇಲೆ ಮನೆಮಂದಿಯೆಲ್ಲ ಬಂದು ಸಿಹಿ ತಿನ್ನುತ್ತಾರೆ. ಸೇಂಗ್ ಪೇಯ್ ನಾಯ್ ಎಂಬ ಹಾಲಿನ ಸಿಹಿ ಗಿಣ್ಣಿನಂತೆ ಕಾಣುತ್ತದೆ, ಅದರಲ್ಲಿ ಮೊಟ್ಟೆಯ ಬಿಳಿಭಾಗವಿದೆ, ಮನೆಯವರಿಗೆ ಬೇಡ. ಅವರಿಗೆ 'ಗೇಂಗ್ ಜೋಂಗ್ ನಾಯ್' ಹೇಳಿ. ಬಲಿತ ಶುಂಠಿಯ ರಸ ಬಟ್ಟಲಿನ ತಳದಲ್ಲಿರುತ್ತದೆ. ಸಕ್ಕರೆ ಹಾಕಿದ ಎಮ್ಮೆ ಹಾಲನ್ನು ಕುದಿಯುವ ಬಿಸಿಯಿಂದ ಸುಮಾರು 70 ಡಿಗ್ರಿಗೆ ಇಳಿಸಿ, ಒಂದೇ ಏಟಿಗೆ ಅದರ ಮೇಲೆ ಹೊಯ್ಯುತ್ತಾರೆ. ಶುಂಠಿಯಲ್ಲಿರುವ ಕಿಣ್ವವೇ ಹಾಲನ್ನು ಹಿಡಿಯುತ್ತದೆ, ಕೆಲವೇ ನಿಮಿಷದಲ್ಲಿ ಮೇಲೆ ಚಮಚ ಇಟ್ಟರೂ ಮುಳುಗದಷ್ಟು ಗಟ್ಟಿಯಾಗುತ್ತದೆ. ಹಾಲು ಕುದಿಯುತ್ತಿದ್ದರೆ ಕಿಣ್ವ ಸತ್ತುಹೋಗಿ ನೀರಾಗಿಯೇ ಉಳಿಯುತ್ತದೆ. ಬಟ್ಟಲು ಮೇಜಿಗೆ ಬಂದ ಮೇಲೆ ಕಲಕಬೇಡಿ, ಅಂಚಿನಿಂದ ಬಿಸಿಬಿಸಿಯಾಗಿ ತೆಗೆದು ತಿನ್ನಿ. ಚಾಂಗ್‌ಶೌ ರಸ್ತೆ ನಿಲ್ದಾಣದ ಹತ್ತಿರ, ದಿಶಿಫು ರಸ್ತೆಯ ನಾನ್‌ಶಿನ್ ಅಂಗಡಿ ಇದಕ್ಕೆ ಹೆಸರುವಾಸಿ.